ಆಲೂಗಡ್ಡೆ ಸಿಪ್ಪೆಯ ಮೀಡಿಯಾ ಕೈಕೊಟ್ಟಾಗ: ತಪ್ಪು ಎಲ್ಲಿದೆ ಎಂದು ಹುಡುಕುವ ಬಗೆ

ಪೇಟ್ರಿ ಪ್ಲೇಟನ್ನು ಓರೆ ಮಾಡಿದರೆ ಒಳಗಿನ ಮೀಡಿಯಾ, ಅಂದರೆ ಸೂಕ್ಷ್ಮಜೀವಿಗಳನ್ನು ಬೆಳೆಸಲು ಗಟ್ಟಿ ಮಾಡಿದ ಆಹಾರ, ಅಲುಗಬಾರದು. ಆ ದಿನ ನಮ್ಮ ಲ್ಯಾಬಿನಲ್ಲಿ ಇಪ್ಪತ್ತೆರಡು ಪ್ಲೇಟುಗಳನ್ನು ಒಂದೊಂದಾಗಿ ಓರೆ ಮಾಡಿ ನೋಡಿದೆವು. ಇಪ್ಪತ್ತೆರಡರಲ್ಲೂ ಕಂದು ಬಣ್ಣದ ಗಂಜಿ ಒಂದು ಬದಿಗೆ ಜಾರಿ ಮುಚ್ಚಳ ಮುಟ್ಟಿತು. "ಸರ್, ಅಗಾರ್ ಹಾಕೋದು ಮರೆತ್ವಾ?" ಎಂದು ಎರಡನೇ ವರ್ಷದ ಹುಡುಗಿಯೊಬ್ಬಳು ಕೇಳಿದಳು. ಮರೆತಿರಲಿಲ್ಲ. ಮೀಡಿಯಾವನ್ನು ಗಟ್ಟಿ ಮಾಡುವುದೇ ಅಗಾರ್. ಲೀಟರಿಗೆ 15 ಗ್ರಾಂ, ತೂಕ ಮಾಡಿದವನು ನಾನೇ. ಹಿಂದಿನ ವಾರ ಇದೇ ಡಬ್ಬಿಯ ಅಗಾರ್, ಇದೇ ಕುಕ್ಕರ್, ಇದೇ ಹಾಸ್ಟೆಲ್ಲಿನ ಸಿಪ್ಪೆ ಬಳಸಿ ಸುರಿದ ಪ್ಲೇಟುಗಳು ಗಟ್ಟಿಯಾಗಿ ಕೂತಿದ್ದವು.

ಕಾರಣ ಸಿಕ್ಕಿದ್ದು ಹಾಸ್ಟೆಲ್ಲಿನ ಅಡುಗೆಮನೆಯಲ್ಲಿ. ಬಕೆಟ್ಟಿಗೆ ಏನೇನು ಹಾಕಿದ್ದಿರಿ ಎಂದು ಕೇಳಿದಾಗ ಅಡುಗೆಯವರು ಸ್ವಲ್ಪ ಯೋಚಿಸಿ, "ಆಲೂಗಡ್ಡೆ ಸಿಪ್ಪೇನೇ ಮೇಷ್ಟ್ರೇ. ಆದ್ರೆ ಬೆಳಿಗ್ಗೆ ಚಿತ್ರಾನ್ನ ಇತ್ತಲ್ಲ, ಹಿಂಡಿದ ನಿಂಬೆಹೋಳೂ ಅದಕ್ಕೇ ಬಿತ್ತು" ಎಂದರು. ಅಗಾರ್ ಕೆಡಿಸಲು ಅಷ್ಟು ಹುಳಿ ಸಾಕಿತ್ತು.

ಈ ಬರಹ ನಮ್ಮಂತೆ ಕಡಿಮೆ ಖರ್ಚಿನಲ್ಲಿ ಕೆಲಸ ಮಾಡುವ ಕಾಲೇಜು ಲ್ಯಾಬುಗಳಿಗೆ, ಮತ್ತು ಶುಂಠಿ, ಮೆಣಸು, ಅಡಿಕೆಗೆಂದು ಟ್ರೈಕೋಡರ್ಮಾ ಎಂಬ ರೋಗ ತಡೆಯುವ ಶಿಲೀಂಧ್ರವನ್ನು ಬೆಳೆಸಿಕೊಳ್ಳುವ ರೈತ ಗುಂಪುಗಳಿಗೆ. ರೆಡಿಮೇಡ್ ಪಿಡಿಎ ಪುಡಿ, ಅಂದರೆ ಪೊಟಾಟೊ ಡೆಕ್ಸ್‌ಟ್ರೋಸ್ ಅಗಾರ್, ಎಲ್ಲರ ಕೈಗೆ ಎಟುಕುವುದಿಲ್ಲ. ಸಿಪ್ಪೆಯಿಂದ ಮಾಡಿದ ಮೀಡಿಯಾ ಅದರ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ. ಆದರೆ ಕಂಪನಿ ಪುಡಿ ಪ್ರತಿಸಲವೂ ಒಂದೇ ರೀತಿ ಇರುತ್ತದೆ, ಅಡುಗೆಮನೆಯ ಬಕೆಟ್ಟು ದಿನಕ್ಕೊಂದು ರೀತಿ ಇರುತ್ತದೆ. ನಾನು ಕಂಡ ತೊಂದರೆಗಳಲ್ಲಿ ಹೆಚ್ಚಿನವುಗಳ ಮೂಲ ಅಲ್ಲೇ ಇತ್ತು.

ನಮ್ಮ ಅಳತೆ ಮೊದಲೇ ಹೇಳಿಬಿಡುತ್ತೇನೆ. ತೊಳೆದ ಆಲೂಗಡ್ಡೆಯ ಹಸಿ ಸಿಪ್ಪೆ 200 ಗ್ರಾಂ. ಅದನ್ನು ಒಂದು ಲೀಟರ್ ನೀರಿನಲ್ಲಿ ಅರ್ಧ ಗಂಟೆ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ, ಇಂಗಿದಷ್ಟು ನೀರು ಸೇರಿಸಿ ಮತ್ತೆ ಒಂದು ಲೀಟರಿಗೆ ತರಬೇಕು. ಆ ಕಷಾಯಕ್ಕೆ 20 ಗ್ರಾಂ ಡೆಕ್ಸ್‌ಟ್ರೋಸ್, 15 ರಿಂದ 20 ಗ್ರಾಂ ಅಗಾರ್. ಪಿಎಚ್, ಅಂದರೆ ಹುಳಿಯ ಅಳತೆ, 5.6ರ ಆಸುಪಾಸು; ಈ ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಇಡೀ ಗಡ್ಡೆಯ ಬದಲು ಸಿಪ್ಪೆ ಎಂಬುದನ್ನು ಬಿಟ್ಟರೆ ಪಿಡಿಎಯ ಲೆಕ್ಕವೇ ಇದು.

ಮೊದಲು ಮೂರು ಪ್ಲೇಟು

ಏನೇ ತೊಂದರೆ ಕಂಡರೂ ಮೀಡಿಯಾ ಚೆಲ್ಲುವ ಮೊದಲು ಮೂರು ಪ್ಲೇಟುಗಳನ್ನು ಪಕ್ಕಪಕ್ಕದಲ್ಲಿಡಿ. ಒಂದರಲ್ಲಿ ನಂಬಿಕೆಯ ಪಿಡಿಎ, ಅದರ ಮೇಲೆ ನಿಮ್ಮ ಕಲ್ಚರ್, ಅಂದರೆ ನೀವು ಬೆಳೆಸಬೇಕಾದ ಸೂಕ್ಷ್ಮಜೀವಿ. ಎರಡನೆಯದರಲ್ಲಿ ಸಿಪ್ಪೆ ಮೀಡಿಯಾ, ಅದರ ಮೇಲೂ ಅದೇ ಕಲ್ಚರ್. ಮೂರನೆಯದು ಸಿಪ್ಪೆ ಮೀಡಿಯಾದ ಖಾಲಿ ಪ್ಲೇಟು, ಏನನ್ನೂ ಹಾಕದ್ದು. ನಂಬಿಕೆಯ ಪಿಡಿಎ ಇಲ್ಲದಿದ್ದರೆ ಪಕ್ಕದ ಲ್ಯಾಬಿನಿಂದ ಒಂದೇ ಒಂದು ಪ್ಲೇಟು ಕೇಳಿ ತನ್ನಿ, ಸಾಕು.

ಮೊದಲನೆಯದರಲ್ಲೂ ಬೆಳೆಯಲಿಲ್ಲವೆಂದರೆ ಕಲ್ಚರೇ ಸತ್ತಿದೆ, ಸಿಪ್ಪೆಯನ್ನು ದೂರಬೇಡಿ. ಮೊದಲನೆಯದರಲ್ಲಿ ಬೆಳೆದು ಎರಡನೆಯದರಲ್ಲಿ ಬೆಳೆಯದಿದ್ದರೆ ದೋಷ ಮೀಡಿಯಾದ್ದು. ಖಾಲಿ ಪ್ಲೇಟಿನಲ್ಲಿ ಏನಾದರೂ ಬೆಳೆದರೆ ಉಳಿದೆಲ್ಲ ಪ್ರಶ್ನೆ ಪಕ್ಕಕ್ಕಿಟ್ಟು ಮೊದಲು ಅದನ್ನು ಬಗೆಹರಿಸಿ. ಖಾಲಿ ಪ್ಲೇಟು ಇಡದೆ ಮಾಡಿದ ಪ್ರಯೋಗವನ್ನು ನಾನು ವಿದ್ಯಾರ್ಥಿಗಳ ರೆಕಾರ್ಡಿನಲ್ಲಿ ಒಪ್ಪಿಕೊಳ್ಳುವುದಿಲ್ಲ. ಎಷ್ಟು ಸಲ ಬಯ್ಯಿಸಿಕೊಂಡರೂ ಒಂದು ಪ್ಲೇಟು ಉಳಿಸುವ ಆಸೆಗೆ ಅದನ್ನೇ ಬಿಡುತ್ತಾರೆ.

ಮೀಡಿಯಾ ಗಟ್ಟಿಯಾಗುತ್ತಿಲ್ಲ

ಎಲ್ಲಿ ನೀರಾಗಿದೆ ಎಂದು ಗಮನಿಸಿ. ತಳದಲ್ಲಿ ಗಟ್ಟಿ, ಮೇಲೆ ನೀರು ಇದ್ದರೆ ಅಗಾರ್ ಪೂರ್ತಿ ಕರಗಿಲ್ಲ, ಇಲ್ಲವೇ ಕುಕ್ಕರಿನಿಂದ ತೆಗೆದ ಮೇಲೆ ಫ್ಲಾಸ್ಕನ್ನು ತಿರುಗಿಸಿ ಬೆರೆಸಿಲ್ಲ. ಅಲ್ಲಲ್ಲಿ ಮುದ್ದೆ ಮುದ್ದೆಯಾಗಿದ್ದರೆ ತೀರಾ ತಣ್ಣಗಾದ ಮೇಲೆ ಸುರಿದಿದ್ದೀರಿ. ಅಗಾರ್ ಕರಗಲು 85 ಡಿಗ್ರಿಗಿಂತ ಹೆಚ್ಚು ಬಿಸಿ ಬೇಕು, ಹೆಪ್ಪುಗಟ್ಟುವುದು 40 ಡಿಗ್ರಿಯ ಹತ್ತಿರಕ್ಕೆ ಇಳಿದಾಗ. 45 ರಿಂದ 50ರ ನಡುವೆ ಸುರಿಯಬೇಕು. ಫ್ಲಾಸ್ಕನ್ನು ಕೆನ್ನೆಗೆ ತಾಗಿಸಿದರೆ ಬಿಸಿ ಅನ್ನಿಸಬೇಕು, ಆದರೆ ಹಿಡಿದುಕೊಳ್ಳಲು ಆಗಬೇಕು, ಅದೇ ಗುರುತು.

ಇಡೀ ಪ್ಲೇಟು ಒಂದೇ ಸಮನೆ ಗಂಜಿಯಾಗಿದ್ದರೆ ಮೊದಲ ಅನುಮಾನ ಹುಳಿಯ ಮೇಲೆ. ಅಗಾರ್ ಎಂದರೆ ಕಡಲ ಪಾಚಿಯಿಂದ ತೆಗೆದ ಉದ್ದನೆಯ ಸಕ್ಕರೆಯ ಸರಪಳಿ. ಹುಳಿಯಲ್ಲಿ ಇಟ್ಟು 121 ಡಿಗ್ರಿಗೆ ಬೇಯಿಸಿದರೆ ಆ ಸರಪಳಿ ತುಂಡು ತುಂಡಾಗುತ್ತದೆ. ತಣ್ಣಗಿನ ಹುಳಿಯಿಂದ ಅಷ್ಟು ಕೇಡಿಲ್ಲ, ಹುಳಿ ಮತ್ತು ಬಿಸಿ ಎರಡೂ ಸೇರಿದಾಗಲೇ ತೊಂದರೆ. ಪಿಎಚ್ 5ಕ್ಕಿಂತ ಕೆಳಗಿಳಿದರೆ ನಾನು ಅಗಾರ್ ಸೇರಿಸಿ ಬೇಯಿಸುವುದಿಲ್ಲ. ನಿಂಬೆ, ಮೋಸಂಬಿ, ಅನಾನಸ್ ಸಿಪ್ಪೆ, ಟೊಮೆಟೊ, ಹುಣಸೆಹಣ್ಣಿನ ಹಿಪ್ಪೆ, ಎರಡು ದಿನ ಬಕೆಟ್ಟಿನಲ್ಲೇ ಕೂತು ಹುಳಿತ ಸಿಪ್ಪೆ, ಎಲ್ಲಕ್ಕೂ ಇದೇ ಕಥೆ.

ಖಚಿತಪಡಿಸಿಕೊಳ್ಳುವುದು ಸುಲಭ. ಸೋಸಿದ ಕಷಾಯಕ್ಕೆ ಪಿಎಚ್ ಪೇಪರ್ ಅದ್ದಿ. ಹುಳಿ ಕಂಡರೆ ಅಡುಗೆ ಸೋಡಾವನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ, ನೊರೆ ಇಳಿದ ಮೇಲೆ ಮತ್ತೆ ಅದ್ದಿ, 5.6ರಿಂದ 6ರ ನಡುವೆ ನಿಲ್ಲಿಸಿ. ಹುಳಿ ಮೀಡಿಯಾನೇ ಬೇಕಿದ್ದರೆ ಅಗಾರನ್ನು ಅರ್ಧ ನೀರಿನಲ್ಲಿ, ಕಷಾಯವನ್ನು ಇನ್ನರ್ಧದಲ್ಲಿ ಬೇರೆ ಬೇರೆ ಫ್ಲಾಸ್ಕಿನಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಒಂದಕ್ಕೊಂದು ಸುರಿಯಿರಿ. ಹಾಗೆ ಬೆರೆಸಿದ್ದನ್ನು ಮತ್ತೆ ಕರಗಿಸಲು ಹೋಗಬೇಡಿ.

ಹುಳಿಯೂ ಇಲ್ಲ, ಆದರೂ ಗಟ್ಟಿಯಾಗಿಲ್ಲ ಎಂದರೆ ಅಗಾರಿನ ಕಡೆ ನೋಡಿ. ಕೆಲವರು ದಿನಸಿ ಅಂಗಡಿಯ ಚೈನಾ ಗ್ರಾಸ್ ಬಳಸುತ್ತಾರೆ. ಅದೂ ಅಗಾರೇ, ಅದರಲ್ಲಿ ತಪ್ಪೇನಿಲ್ಲ. ಅಗಾರ್ ಲ್ಯಾಬಿಗೆ ಬಂದದ್ದೇ ಅಡುಗೆಮನೆಯಿಂದ. ಜರ್ಮನಿಯ ಬ್ಯಾಕ್ಟೀರಿಯಾ ವಿಜ್ಞಾನಿ ರಾಬರ್ಟ್ ಕಾಖ್ ಮೊದಲು ಬೇಯಿಸಿದ ಆಲೂಗಡ್ಡೆಯ ಹೋಳಿನ ಮೇಲೆ, ಆಮೇಲೆ ಗೆಲಾಟಿನ್ ಮೇಲೆ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದರು. ಮೈ ಬಿಸಿಯಷ್ಟು ಶಾಖಕ್ಕೇ ಗೆಲಾಟಿನ್ ಕರಗಿಬಿಡುತ್ತಿತ್ತು. 1880ರ ದಶಕದ ಆರಂಭದಲ್ಲಿ, ಅವರ ಲ್ಯಾಬಿನಲ್ಲಿದ್ದ ವಾಲ್ಟರ್ ಹೆಸ್ಸೆಗೆ ಅಗಾರ್ ಬಳಸಿ ನೋಡಿ ಎಂದು ಹೇಳಿದವರು ಹೆಸ್ಸೆಯ ಹೆಂಡತಿ ಫ್ಯಾನಿ ಹೆಸ್ಸೆ. ಮನೆಯಲ್ಲಿ ಜೆಲ್ಲಿ ಮಾಡಲು ಅದನ್ನೇ ಬಳಸುತ್ತಿದ್ದರು. ಪ್ರತಿ ವರ್ಷದ ಮೊದಲ ಪ್ರಾಕ್ಟಿಕಲ್ ತರಗತಿಯಲ್ಲಿ ಈ ಹೆಸರನ್ನು ಹೇಳಿಯೇ ನಾನು ಅಗಾರ್ ಡಬ್ಬಿ ತೆರೆಯುವುದು. ಚೈನಾ ಗ್ರಾಸಿನ ಗಟ್ಟಿತನ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೇರೆ, ಹಾಗಾಗಿ 15 ಗ್ರಾಂ ಸಾಲದೆ ಹೋಗಬಹುದು. ಜೊತೆಗೆ ಸಕ್ಕರೆ, ಬಣ್ಣ, ಸುವಾಸನೆ ಬೆರೆಸಿದ ಪ್ಯಾಕೆಟ್ ಬೇಡವೇ ಬೇಡ. ಸುರಿಯುವ ಮೊದಲು ಒಂದು ಚಮಚ ಮೀಡಿಯಾವನ್ನು ಸ್ಟೀಲ್ ಬಟ್ಟಲಿಗೆ ಹಾಕಿ ಹತ್ತು ನಿಮಿಷ ಫ್ರಿಜ್ಜಿನಲ್ಲಿಡಿ. ಬಟ್ಟಲಲ್ಲಿ ಗಟ್ಟಿಯಾಗದ್ದು ಪ್ಲೇಟಿನಲ್ಲೂ ಆಗುವುದಿಲ್ಲ.

ಅಗಾರ್ ಉಳಿಸಲು ಮೆಕ್ಕೆಜೋಳದ ಹಿಟ್ಟನ್ನೋ ಗಂಜಿಯನ್ನೋ ಗಟ್ಟಿಯಾಗಿ ಕಾಯಿಸಿ ಸುರಿದವರಿಗೆ ಇನ್ನೊಂದು ರೀತಿಯ ತೊಂದರೆ ಬರುತ್ತದೆ. ಮೊದಲ ದಿನ ಗಟ್ಟಿಯಾಗಿದ್ದದ್ದು ಮೂರನೇ ದಿನ ಕಾಲನಿಯ, ಅಂದರೆ ಒಟ್ಟಾಗಿ ಬೆಳೆದ ಸೂಕ್ಷ್ಮಜೀವಿಗಳ ಗುಂಪಿನ, ಕೆಳಗೆ ಮಾತ್ರ ನೀರಾಗುತ್ತದೆ. ಅದು ಸೂಕ್ಷ್ಮಜೀವಿ ಪಿಷ್ಟವನ್ನು ತಿನ್ನುತ್ತಿರುವುದರ ಗುರುತು. ಅಗಾರನ್ನು ತಿನ್ನಬಲ್ಲ ಜೀವಿಗಳು ತೀರಾ ಕಡಿಮೆ, ಪಿಷ್ಟವನ್ನು ತಿನ್ನುವವು ಎಲ್ಲೆಲ್ಲೂ ಇವೆ.

ಖಾಲಿ ಪ್ಲೇಟಿನಲ್ಲೂ ಬೆಳೆದಿದೆ

ಸಿಪ್ಪೆ ಮೀಡಿಯಾ ಮಾಡುವವರು ಎಲ್ಲಕ್ಕಿಂತ ಹೆಚ್ಚು ಸೋಲುವುದು ಇಲ್ಲಿ. ಬೆಳೆದಿರುವುದು ಎಲ್ಲಿ ಎಂಬುದನ್ನು ಬೆಳಕಿಗೆ ಹಿಡಿದು ನೋಡಿ, ಏನು ಎಂಬುದು ಆಮೇಲೆ. ಮೇಲ್ಮೈಯಲ್ಲಿ ಬೇರೆ ಬೇರೆ ಬಣ್ಣದ ನಾಲ್ಕಾರು ಚುಕ್ಕೆ ಇದ್ದರೆ ಸುರಿಯುವಾಗ ಗಾಳಿಯಿಂದ ಬಿದ್ದದ್ದು. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಸ್ಪಿರಿಟ್ ಲ್ಯಾಂಪಿನ ಹತ್ತಿರ ಸುರಿಯಿರಿ. ಅಂಚಿನಲ್ಲಿ ಸುತ್ತಲೂ ಬಂದಿದ್ದರೆ ಮುಚ್ಚಳದಲ್ಲಿ ಕೂತ ನೀರಿನ ಹನಿಗಳ ಜೊತೆ ಒಳಗೆ ಇಳಿದದ್ದು. ಪ್ಲೇಟುಗಳನ್ನು ಬೋರಲಾಗಿ ಇಡಿ.

ಮೀಡಿಯಾದ ಒಳಗೆ, ಆಳದಲ್ಲಿ, ಎಲ್ಲ ಪ್ಲೇಟಿನಲ್ಲೂ ಒಂದೇ ರೀತಿಯದು ಬೆಳೆದಿದ್ದರೆ ಬೇಯಿಸಿದ್ದು ಸಾಲದು ಎಂದೇ ಅರ್ಥ. ನಾವು ಹೆಚ್ಚಾಗಿ ಕಂಡದ್ದು ಹೀಗಿತ್ತು: 24 ಗಂಟೆಯಲ್ಲಿ ಮಸುಕಾದ ಬಿಳಿ ಪೊರೆ, ಎರಡನೇ ದಿನಕ್ಕೆ ಹಾಲಿನ ಕೆನೆ ಒಣಗಿದಂತೆ ಸುಕ್ಕುಗಟ್ಟಿ ಪ್ಲೇಟಿನ ತುಂಬ ಹರಡಿತು. ಲೂಪಿನಿಂದ, ಅಂದರೆ ತುದಿಯಲ್ಲಿ ಉಂಗುರವಿರುವ ತಂತಿಯಿಂದ, ಎತ್ತಿದರೆ ಚೂರಾಗದೆ ಹಾಳೆಯಂತೆ ಎದ್ದು ಬಂತು. ಮಣ್ಣಿನ ಬ್ಯಾಸಿಲಸ್ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಕಾಣುವುದು ಹೀಗೆ.

ಆಲೂಗಡ್ಡೆ ಮಣ್ಣಿನೊಳಗೆ ಬೆಳೆಯುವ ಗಡ್ಡೆ. ಸಿಪ್ಪೆಗೆ ಅಂಟಿದ ಮಣ್ಣಿನಲ್ಲಿ ಬ್ಯಾಸಿಲಸ್ ಬೀಜಕಗಳು, ಅಂದರೆ ಗಟ್ಟಿ ಚಿಪ್ಪಿನೊಳಗೆ ನಿದ್ರಿಸುವ ಅದರ ರೂಪಗಳು, ಇರುತ್ತವೆ. ಕುದಿಯುವ ನೀರಿನಲ್ಲಿ ಗಂಟೆಗಟ್ಟಲೆ ಇದ್ದರೂ ಅವು ಸಾಯದೇ ಉಳಿಯಬಲ್ಲವು. ಕೊಲ್ಲಲು 121 ಡಿಗ್ರಿಯ ಹಬೆ 15 ರಿಂದ 20 ನಿಮಿಷ ಬೇಕು. ಅಲ್ಲಿಯೇ ನಮ್ಮ ಎತ್ತರ ಅಡ್ಡ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ನಮ್ಮ ಹಾಸನವೂ ಹೆಚ್ಚುಕಡಿಮೆ ಅಷ್ಟೇ. ಇಲ್ಲಿ ನೀರು ಕುದಿಯುವುದೇ 97 ಡಿಗ್ರಿಯ ಸುಮಾರಿಗೆ. ಮನೆಯ ಕುಕ್ಕರಿನ ತೂಕ ಹೊರಗಿನ ಗಾಳಿಯ ಒತ್ತಡದ ಮೇಲೆ ಕೊಡುವ ಹೆಚ್ಚುವರಿ ಒತ್ತಡ ಎಲ್ಲ ಊರಲ್ಲೂ ಒಂದೇ. ಆದರೆ ಹೊರಗಿನ ಒತ್ತಡವೇ ಇಲ್ಲಿ ಕಡಿಮೆ ಇರುವುದರಿಂದ ಒಳಗಿನ ಹಬೆ ಕರಾವಳಿಯಲ್ಲಿ ಏರುವುದಕ್ಕಿಂತ ಒಂದೆರಡು ಡಿಗ್ರಿ ಹಿಂದೆ ನಿಲ್ಲುತ್ತದೆ. ಆ ಕೊರತೆಯನ್ನು ಹೊತ್ತಿನಿಂದ ತುಂಬಿಸಬೇಕು. ನಾವು ಸಣ್ಣ ಫ್ಲಾಸ್ಕುಗಳಿಗೂ 30 ರಿಂದ 40 ನಿಮಿಷ ಕೊಡುತ್ತೇವೆ.

ವಿಷಲ್ ಎಣಿಸುವುದು ಅನ್ನಕ್ಕೆ ಸರಿ, ಮೀಡಿಯಾಕ್ಕೆ ಸರಿಯಲ್ಲ. ಪ್ರತಿ ವಿಷಲ್ಲಿಗೂ ಒತ್ತಡ ಕುಸಿದು ಮತ್ತೆ ಏರುತ್ತದೆ. ಮೊದಲು ತೂಕ ಇಡದೆ ಐದು ನಿಮಿಷ ಹಬೆ ಜೋರಾಗಿ ಹೋಗಲು ಬಿಡಿ, ಒಳಗಿನ ಗಾಳಿ ಹೊರಗೆ ಹೋಗಬೇಕು. ಗಾಳಿ ಸಿಕ್ಕಿಕೊಂಡಿದ್ದರೆ ಒತ್ತಡ ಸರಿಯಿದ್ದರೂ ಶಾಖ ಏರುವುದಿಲ್ಲ. ಆಮೇಲೆ ತೂಕ ಇಟ್ಟು, ಮೊದಲ ವಿಷಲ್ ಬಂದ ಮೇಲೆ ಉರಿ ಸಣ್ಣ ಮಾಡಿ, ತೂಕ ಸದಾ ಸಣ್ಣಗೆ ಅಲುಗುತ್ತಾ ಇರುವಂತೆ ನೋಡಿಕೊಂಡು ಅಲ್ಲಿಂದ ಹೊತ್ತು ಎಣಿಸಿ. ಫ್ಲಾಸ್ಕಿನಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ. ಹಬೆ ಇಳಿಯುವ ಮೊದಲು ತೂಕ ಎತ್ತಬೇಡಿ. ಎತ್ತಿದರೆ ಮೀಡಿಯಾ ಉಕ್ಕಿ ಹತ್ತಿಯ ಪ್ಲಗ್ ನೆನೆಯುತ್ತದೆ, ನೆನೆದ ಹತ್ತಿ ಬೂಷ್ಟಿಗೆ ದಾರಿ. ಅಂಥ ಹತ್ತಿಯ ಮೇಲೆ ಎರಡೇ ದಿನಕ್ಕೆ ಕಿತ್ತಳೆ ಬಣ್ಣದ ಪುಡಿ ಕಂಡರೆ ಅದು ಬಹುಶಃ ನ್ಯೂರೋಸ್ಪೋರಾ ಎಂಬ ಬೂಷ್ಟು. ಆ ಬ್ಯಾಚನ್ನು ಮುಚ್ಚಿದಂತೆಯೇ ಕುಕ್ಕರಿಗೆ ಹಾಕಿ. ಒಮ್ಮೆ ಲ್ಯಾಬಿನಲ್ಲಿ ಹಾರಿತೆಂದರೆ ತಿಂಗಳುಗಟ್ಟಲೆ ಕಾಡುತ್ತದೆ.

ಕುಕ್ಕರ್ ನಂಬುವಂತಿಲ್ಲ ಎಂದಾದರೆ ಹಳೆಯ ದಾರಿಯೊಂದಿದೆ. ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದ ಐರ್ಲೆಂಡಿನ ಭೌತವಿಜ್ಞಾನಿ ಜಾನ್ ಟಿಂಡಾಲ್ ಕುದಿಸಿಟ್ಟ ಕಷಾಯಗಳು ಮೊದಲು ಕೆಡದೆ ನಿಂತಿದ್ದವು. ಲ್ಯಾಬಿಗೆ ಒಣಹುಲ್ಲಿನ ಕಂತೆ ಬಂದ ಮೇಲೆ ಎಷ್ಟು ಕುದಿಸಿದರೂ ಕೆಡತೊಡಗಿದವು. ಕೊನೆಗೆ ಪ್ರಯೋಗವನ್ನು ಕ್ಯೂ ಸಸ್ಯೋದ್ಯಾನದ ಲ್ಯಾಬಿಗೆ ಸಾಗಿಸಬೇಕಾಯಿತು. 1877ರಲ್ಲಿ ಅವರು ಕಂಡುಕೊಂಡ ಉಪಾಯ ಇಷ್ಟೇ: ಒಂದೇ ಸಲ ತುಂಬ ಹೊತ್ತು ಕುದಿಸುವ ಬದಲು, ಬಿಡುವು ಕೊಟ್ಟು ಕೊಟ್ಟು ಕುದಿಸುವುದು. ನಾವು ಮೂರು ದಿನ, ದಿನಕ್ಕೆ ಅರ್ಧ ಗಂಟೆಯಂತೆ ಇಡ್ಲಿ ಪಾತ್ರೆಯ ಹಬೆಯಲ್ಲಿ ಬೇಯಿಸುತ್ತೇವೆ. ನಡುವಿನ ರಾತ್ರಿಗಳಲ್ಲಿ ಕೋಣೆಯ ಶಾಖಕ್ಕೆ ಬಿಡುತ್ತೇವೆ. ಆಗ ಉಳಿದ ಬೀಜಕಗಳು ಮೊಳೆಯುತ್ತವೆ, ಮೊಳೆತದ್ದು ಮರುದಿನದ ಹಬೆಗೆ ಸಾಯುತ್ತದೆ. ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಮೊಳೆಯುವುದೇ ಇಲ್ಲ, ಕೆಲಸ ಕೆಟ್ಟಿತು.

ಟಿಂಡಾಲರ ಹುಲ್ಲಿನ ಕಂತೆಯಿಂದ ನಾವು ಕಲಿತ ಇನ್ನೊಂದು ಅಭ್ಯಾಸ: ಆಲೂಗಡ್ಡೆಯನ್ನು ಸಿಪ್ಪೆ ತೆಗೆಯುವ ಮೊದಲೇ ತೊಳೆಯಬೇಕು, ಅದನ್ನೂ ಮೀಡಿಯಾ ಸುರಿಯುವ ಕೋಣೆಯಲ್ಲಿ ತೊಳೆಯಬಾರದು. ಹಾಸ್ಟೆಲ್ಲಿನಲ್ಲಿ ಪಲ್ಯಕ್ಕೆ ಸಿಪ್ಪೆ ಸಮೇತ ಬೇಯಿಸುವ ದಿನವಿದ್ದರೆ ಇನ್ನೂ ಒಳ್ಳೆಯದು. ಬೇಯಿಸಿದ ನೀರೇ ಸಿದ್ಧ ಕಷಾಯ. ಉಪ್ಪು ಹಾಕುವ ಮೊದಲು ಬಸಿದು ಕೊಡಿ ಎಂದು ಹೇಳಿಟ್ಟಿರಬೇಕು ಅಷ್ಟೆ.

ಏನೂ ಬೆಳೆಯುತ್ತಿಲ್ಲ, ಅಥವಾ ಬಡಕಲಾಗಿ ಬೆಳೆಯುತ್ತಿದೆ

ಚಳಿಗಾಲವಾದರೆ ಮೊದಲು ಥರ್ಮಾಮೀಟರ್ ನೋಡಿ. ಟ್ರೈಕೋಡರ್ಮಾ 28 ಡಿಗ್ರಿಯ ಸುಮಾರಿನಲ್ಲಿ ಮೂರು ನಾಲ್ಕು ದಿನಕ್ಕೆ ಪ್ಲೇಟು ತುಂಬುತ್ತದೆ. ಡಿಸೆಂಬರಿನ ರಾತ್ರಿಯ ಚಳಿಯಲ್ಲಿ ಒಂದು ವಾರ ಹಿಡಿದರೂ ದೋಷ ಮೀಡಿಯಾದ್ದಲ್ಲ.

ಶಾಖ ಸರಿಯಿದ್ದರೆ ಮುಂದಿನ ಪ್ರಶ್ನೆ: ಮೀಡಿಯಾದಲ್ಲಿ ಬೇಡದ್ದು ಇದೆಯೋ, ಬೇಕಾದದ್ದು ಇಲ್ಲವೋ? ಎರಡರಲ್ಲೂ ಬೆಳವಣಿಗೆ ಬಡಕಲೇ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಇದಕ್ಕೊಂದು ಪರೀಕ್ಷೆ ಇದೆ, ನಮಗೆ ಎಷ್ಟೋ ದಿನಗಳ ಒದ್ದಾಟ ತಪ್ಪಿಸಿದೆ. ಅದೇ ಕಷಾಯಕ್ಕೆ ಸಮ ಪ್ರಮಾಣದ ನೀರು ಬೆರೆಸಿ, ಡೆಕ್ಸ್‌ಟ್ರೋಸ್ ಮತ್ತು ಅಗಾರನ್ನು ಮಾತ್ರ ಮೊದಲಿನಷ್ಟೇ ಹಾಕಿ ಇನ್ನೊಂದು ಪ್ಲೇಟು ಮಾಡಿ. ನೀರು ಬೆರೆಸಿದ್ದರಲ್ಲಿ ಹೆಚ್ಚು ಬೆಳೆದರೆ ಕಷಾಯದಲ್ಲಿ ವಿಷದಂಥದ್ದೇನೋ ಇದೆ. ಇನ್ನೂ ಕಡಿಮೆ ಬೆಳೆದರೆ ಆಹಾರ ಸಾಲದು.

ಬೇಡದ್ದು ಯಾವುದೆಂದು ಬಕೆಟ್ಟೇ ಹೇಳುತ್ತದೆ. ಬೆಳ್ಳುಳ್ಳಿ, ಈರುಳ್ಳಿ, ದಾಳಿಂಬೆ ಸಿಪ್ಪೆ, ಅರಿಸಿನ ಇವೆಲ್ಲ ಸೂಕ್ಷ್ಮಜೀವಿಗಳನ್ನು ತಡೆಯುವಂಥವು. ಕಿತ್ತಳೆ ಮೋಸಂಬಿ ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಕೂಡ. ಬಿಸಿಲು ಬಿದ್ದು ಹಸಿರಾದ ಆಲೂಗಡ್ಡೆಯ ಸಿಪ್ಪೆಯಲ್ಲಿ ಸೊಲನೈನ್ ಹೆಚ್ಚಿರುತ್ತದೆ, ಅದು ಗಿಡ ತನ್ನ ರಕ್ಷಣೆಗೆ ಮಾಡಿಕೊಂಡದ್ದು, ಶಿಲೀಂಧ್ರಕ್ಕೆ ಒಗ್ಗುವುದಿಲ್ಲ. ಹಸಿರು ಕಂಡದ್ದನ್ನು ಆರಿಸಿ ತೆಗೆಯಿರಿ. ಉಳಿದ ಸಾಂಬಾರು, ಪಲ್ಯ, ಉಪ್ಪಿಟ್ಟನ್ನು ಇದಕ್ಕೆ ತರಲೇಬೇಡಿ. ಉಪ್ಪು, ಎಣ್ಣೆ, ಒಗ್ಗರಣೆ ಸೇರಿದ್ದನ್ನು ಸರಿಪಡಿಸಲು ಹೋಗುವುದಕ್ಕಿಂತ ಗೊಬ್ಬರದ ಗುಂಡಿಗೆ ಹಾಕುವುದು ಲೇಸು.

ಸಿಹಿಗೆ ಬೆಲ್ಲ ಹಾಕುವವರು ತಿಳಿ ಹಳದಿ ಬೆಲ್ಲ ಬಿಟ್ಟು ಕಪ್ಪು ಬೆಲ್ಲ ತನ್ನಿ. ಬಣ್ಣ ಬರಲೆಂದು ಆಲೆಮನೆಯಲ್ಲಿ ಹಾಕುವ ಹೈಡ್ರೋಸ್ ಗಂಧಕದ ಲವಣ, ಅದರ ಉಳಿಕೆ ಸೂಕ್ಷ್ಮಜೀವಿಗಳಿಗೆ ಒಳ್ಳೆಯದಲ್ಲ. ಸಕ್ಕರೆಯೂ ಎಲ್ಲಕ್ಕೂ ಆಗುವುದಿಲ್ಲ. ಟ್ರೈಕೋಡರ್ಮಾ ರೀಸೀ ಎಂಬ ಜಾತಿಗೆ ಸಕ್ಕರೆಯನ್ನು ಒಡೆಯುವ ಇನ್ವರ್ಟೇಸ್ ಕಿಣ್ವವೇ ಇಲ್ಲ. ಡೆಕ್ಸ್‌ಟ್ರೋಸ್ ಹಾಕಿದರೆ ಈ ಅನುಮಾನವೇ ಬರುವುದಿಲ್ಲ.

ಬೇಕಾದದ್ದು ಇಲ್ಲ ಎಂದಾದರೆ, ಹತ್ತರಲ್ಲಿ ಎಂಟು ಸಲ ಅದು ಸಾರಜನಕ. ಸಿಪ್ಪೆಯಲ್ಲಿ ಪಿಷ್ಟ ಧಾರಾಳ, ಪ್ರೋಟೀನ್ ಕಡಿಮೆ. ಶಿಲೀಂಧ್ರ ಹೇಗೋ ಸುಧಾರಿಸಿಕೊಳ್ಳುತ್ತದೆ. ಸೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ಮಾತ್ರ ಗಾಜಿನ ಮೇಲೆ ಉಸಿರು ಬಿಟ್ಟಂತೆ ತೆಳ್ಳಗೆ ಬಂದು ನಿಲ್ಲುತ್ತದೆ. ನಮ್ಮ ಪರಿಹಾರ ಕಟ್ಟು. ಕಟ್ಟಿನ ಸಾರಿಗೆ ಬಸಿಯುವ ಅದೇ ಬೇಳೆಕಟ್ಟನ್ನು, ಉಪ್ಪು ಹಾಕುವ ಮೊದಲು, ಕಾಲು ಭಾಗ ಬೆರೆಸಿದರೆ ಮರುದಿನವೇ ವ್ಯತ್ಯಾಸ ಕಾಣುತ್ತದೆ. ಅವರೆಕಾಯಿ ಕಾಲದಲ್ಲಿ ಮನೆಮನೆಯ ಮುಂದೆ ರಾಶಿ ಬೀಳುವ ಸೊಪ್ಪೆಯನ್ನೂ ಕುದಿಸಿ ನೋಡಿದ್ದೇವೆ, ಚೆನ್ನಾಗಿ ಬರುತ್ತದೆ. ಕಡಲೆಕಾಯಿ ಹಿಂಡಿಯೂ ಆಗುತ್ತದೆ, ಆದರೆ ಎಣ್ಣೆಯಂಶ ಮೇಲೆ ತೇಲುತ್ತದೆ.

ಬೇರೆ ಉದ್ಯಮದ ತ್ಯಾಜ್ಯ ಹೀಗೆ ಕೈಹಿಡಿದದ್ದಕ್ಕೆ ದೊಡ್ಡ ಉದಾಹರಣೆ ಪೆನಿಸಿಲಿನ್. 1941ರಲ್ಲಿ ಆಕ್ಸ್‌ಫರ್ಡಿನ ವಿಜ್ಞಾನಿಗಳಾದ ಫ್ಲೋರಿ ಮತ್ತು ಹೀಟ್ಲಿ ಇಂಗ್ಲೆಂಡಿನಿಂದ ಪೆನಿಸಿಲಿನ್ ಕೊಡುವ ಬೂಷ್ಟನ್ನು ಹೊತ್ತು ಅಮೆರಿಕದ ಪಿಯೋರಿಯಾ ಊರಿನ ಸರ್ಕಾರಿ ಲ್ಯಾಬಿಗೆ ಹೋದರು. ಅಲ್ಲಿನ ವಿಜ್ಞಾನಿ ಆಂಡ್ರ್ಯೂ ಮೊಯರ್ ಅದಕ್ಕೆ ಮೆಕ್ಕೆಜೋಳ ನೆನೆಸಿದ ನೀರನ್ನು ಹಾಕಿದರು. ಪಿಷ್ಟ ತೆಗೆಯುವ ಕಾರ್ಖಾನೆಗಳಲ್ಲಿ ಮಿಕ್ಕುತ್ತಿದ್ದ, ಸಾರಜನಕ ತುಂಬಿದ ನೀರು ಅದು. ಪೆನಿಸಿಲಿನ್ ಇಳುವರಿ ಹಲವು ಪಟ್ಟು ಏರಿತು.

ಬೆಳೆದಿದೆ, ಆದರೆ ಬಣ್ಣ ಬೇರೆ

ಟ್ರೈಕೋಡರ್ಮಾ ಮೊದಲು ಬಿಳಿ ಹತ್ತಿಯಂತೆ ಹರಡಿ, ಆಮೇಲೆ ಉಂಗುರ ಉಂಗುರವಾಗಿ ಕಡು ಹಸಿರಾಗುತ್ತದೆ. ಹಸಿರು ಬರದೆ ಬಿಳಿಯಾಗಿಯೇ ಉಳಿದರೆ ಪ್ಲೇಟನ್ನು ಬೆಳಕಿರುವ ಕಡೆ ಇಡಿ, ಬೀಜಕ ಕಟ್ಟಲು ಬೆಳಕು ನೆರವಾಗುತ್ತದೆ. ಕಪ್ಪು ಪುಡಿ ಕಂಡರೆ ಅದು ಆಸ್ಪರ್ಜಿಲಸ್ ನೈಗರ್ ಎಂಬ ಬೇಡದ ಬೂಷ್ಟು. ಮುಚ್ಚಳ ಮುಟ್ಟುವಷ್ಟು ಎತ್ತರದ ಬೂದು ನಾರು, ತುದಿಯಲ್ಲಿ ಕರಿ ಚುಕ್ಕೆ ಇದ್ದರೆ ರೈಜೋಪಸ್ ಎಂಬ ಇನ್ನೊಂದು ಬೂಷ್ಟು.

ಹೆದರಬೇಕಾದದ್ದು ಹಳದಿ ಹಸಿರಿಗೆ. ಆಸ್ಪರ್ಜಿಲಸ್ ಫ್ಲೇವಸ್ ದೂರದಿಂದ ಟ್ರೈಕೋಡರ್ಮಾದಂತೆಯೇ ಕಾಣುತ್ತದೆ, ಆದರೆ ಅದು ಅಫ್ಲಾಟಾಕ್ಸಿನ್ ಎಂಬ ವಿಷ ಮಾಡಬಲ್ಲದು. ಪುಡಿಪುಡಿಯಾಗಿ, ಗಿಳಿಹಸಿರಿನಿಂದ ಸಾಸಿವೆ ಹೂವಿನ ಹಳದಿಯ ನಡುವಿನ ಬಣ್ಣದಲ್ಲಿದ್ದರೆ ಮುಚ್ಚಳ ತೆರೆಯಬೇಡಿ, ಮೂಸಬೇಡಿ, ಗೊಬ್ಬರಕ್ಕೆ ಬೆರೆಸಿ ತೋಟಕ್ಕೆ ಕೊಡಲೇಬೇಡಿ. ಸೂಕ್ಷ್ಮದರ್ಶಕದಲ್ಲಿ ನೋಡಿ ಖಾತ್ರಿಯಾಗದ ಹಸಿರು ಯಾವ ರೈತನ ಕೈಗೂ ಹೋಗಬಾರದು.

ಬ್ಯಾಕ್ಟೀರಿಯಾ ಬೆರೆತಿದ್ದರೆ ಶಿಲೀಂಧ್ರದ ಪ್ಲೇಟಿಗೆ ಹುಳಿ ಒಳ್ಳೆಯ ಕಾವಲು. ಬೇಯಿಸಿ ತಣಿಸಿದ ಮೇಲೆ, ಬೇರೆಯಾಗಿ ಬೇಯಿಸಿಟ್ಟ 10 ಶೇಕಡಾ ಟಾರ್ಟಾರಿಕ್ ಆಮ್ಲ ಸೇರಿಸಿ ಪಿಎಚ್ 3.5ಕ್ಕೆ ಇಳಿಸುತ್ತೇವೆ. ಹುಣಸೆಯ ಹುಳಿಯೂ ಟಾರ್ಟಾರಿಕ್ಕೇ ಅಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಹೌದು, ಆದರೆ ಹುಣಸೆ ರಸದ ಜೊತೆ ಇನ್ನೂ ಏನೇನೋ ಬರುತ್ತದೆ, ಬೇಡ. ವಿನಿಗರ್ ಅಂತೂ ಬೇಡವೇ ಬೇಡ, ಅಸಿಟಿಕ್ ಆಮ್ಲ ಶಿಲೀಂಧ್ರವನ್ನೂ ತಡೆಯುತ್ತದೆ.

ಮುಗಿದ ಮೇಲೆ

ಪ್ಲೇಟು, ಟ್ಯೂಬು, ಕೆಟ್ಟ ಬ್ಯಾಚು ಯಾವುದನ್ನೂ ಹಾಗೇ ಚೆಲ್ಲಬೇಡಿ. ನಲವತ್ತು ನಿಮಿಷ ಕುಕ್ಕರಿನಲ್ಲಿ ಬೇಯಿಸಿ ಕೊಂದ ಮೇಲೆಯೇ ಗುಂಡಿಗೆ. ಆ ಕುಕ್ಕರ್ ಮತ್ತೆ ಅಡುಗೆಮನೆಗೆ ಹೋಗಬಾರದು. ನಮ್ಮದಕ್ಕೆ ಕೆಂಪು ಬಣ್ಣ ಬಳಿದಿದ್ದೇವೆ. ಕೈ, ಗಾಯ, ಚರಂಡಿ ನೀರಿನಿಂದ ತಂದದ್ದನ್ನು ಇಂಥ ಮೀಡಿಯಾದಲ್ಲಿ ಬೆಳೆಸುವ ಕುತೂಹಲ ಬಂದರೂ ಬೇಡ. ಏನು ಬೆಳೆಯುತ್ತದೋ ಹೇಳಲಾಗದು, ಅದನ್ನು ತಡೆದಿಡುವ ವ್ಯವಸ್ಥೆ ನಮ್ಮಂಥ ಲ್ಯಾಬುಗಳಲ್ಲಿಲ್ಲ.

ನಿಂಬೆಹೋಳಿನ ಆ ದಿನದ ನಂತರ ಹಾಸ್ಟೆಲ್ಲಿಗೆ ಮುಚ್ಚಳವಿರುವ ಸಣ್ಣ ಬಕೆಟ್ಟೊಂದನ್ನು ಕೊಟ್ಟೆವು. ಅಡುಗೆಯವರು ಅದರ ಮೇಲೆ ಸೀಮೆಸುಣ್ಣದಲ್ಲಿ "ಆಲೂ ಮಾತ್ರ" ಎಂದು ಬರೆದಿದ್ದಾರೆ. ಬಕೆಟ್ಟು ಬಂದ ದಿನ ಲ್ಯಾಬಿನ ನೋಟ್‌ಬುಕ್ಕಿನಲ್ಲಿ ಮೂರು ವಿಷಯ ಬರೆಯುತ್ತೇವೆ: ಸಿಪ್ಪೆ ಎಷ್ಟು ಗಂಟೆ ಹಳೆಯದು, ಕಷಾಯದ ಪಿಎಚ್ ಎಷ್ಟು, ಅಂದು ಬೆಳಿಗ್ಗೆ ತಿಂಡಿ ಏನು.